ಎಕರೆಗೆ ಇಪ್ಪತ್ತು ಕಿಲೋ

ಒಂದು ಎಕರೆ ಹವಳದ ದಿಬ್ಬದಿಂದ, ದಿಬ್ಬಕ್ಕೆ ಪೆಟ್ಟಾಗದಂತೆ, ವರ್ಷಕ್ಕೆ ಎಷ್ಟು ಮೀನು ತೆಗೆಯಬಹುದು? ದ್ವೀಪದೇಶಗಳ ಮೀನುಗಾರಿಕೆಯನ್ನು ತೂಗಿ ನೋಡಿದ ವಿಜ್ಞಾನಿಗಳು ಸರಾಸರಿಯಾಗಿ ಇಟ್ಟುಕೊಂಡ ಅಂಕಿ ಚದರ ಕಿಲೋಮೀಟರಿಗೆ 5 ಟನ್. ನಮ್ಮ ಎಕರೆಯ ಲೆಕ್ಕಕ್ಕೆ ಇಳಿಸಿದರೆ ಅದು 20 ಕಿಲೋ ಮಾತ್ರ. ಅಷ್ಟೇ ಅಗಲದ ಗದ್ದೆ ಹತ್ತು ಹದಿನೈದು ಕ್ವಿಂಟಲ್ ಭತ್ತ ಕೊಡುತ್ತದೆ. ಬಣ್ಣಬಣ್ಣದ ಮೀನು ಗಿಜಿಗುಡುವ, ಭೂಮಿಯ ಮೇಲಿನ ಅತಿ ಸಮೃದ್ಧ ತಾಣಗಳಲ್ಲಿ ಒಂದೆಂದು ಹೆಸರಾದ ಜಾಗದ ಇಳುವರಿ ಇಷ್ಟು ಕಡಿಮೆಯೇ ಎಂದು ಅಚ್ಚರಿಯಾದೀತು. ಸಿದ್ದಾಪುರದ ಕತ್ತಲೆಕಾನನ್ನು ಕಂಡವರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ. ರಾಮಪತ್ರೆ ಜಡ್ಡಿಯ ಆ ಕಾಡು ಬಿಸಿಲೇ ನೆಲಕ್ಕೆ ಬೀಳದಷ್ಟು ದಟ್ಟ. ಆದರೆ ಅಂಥ ಕಾಡಿನ ಸತ್ವವೆಲ್ಲ ಇರುವುದು ಮಣ್ಣಿನಲ್ಲಲ್ಲ, ಮರಗಳ ಮೈಯಲ್ಲಿ. ಉದುರಿದ ಎಲೆ ಕೊಳೆಯುತ್ತಿದ್ದಂತೆ ಬೇರು ಅದನ್ನು ಮರಳಿ ಮೇಲೆತ್ತಿಕೊಳ್ಳುತ್ತದೆ. ಕಾಡು ಕಡಿದು ಸಾಗಿಸಿದರೆ ಒಂದೆರಡು ಮಳೆಗಾಲದಲ್ಲಿ ಕೆಂಪು ಜಂಬಿಟ್ಟಿಗೆ ಎದ್ದು ಕಾಣುತ್ತದೆ. ಹವಳದ ದಿಬ್ಬವೂ ಹೀಗೆಯೇ ಬದುಕುತ್ತದೆ. ಸುತ್ತಲಿನ ನೀರು ತಿಳಿ, ಬಡ. ಇರುವ ಅಲ್ಪಸ್ವಲ್ಪ ಪೋಷಕಾಂಶ ಹವಳದಿಂದ ಪಾಚಿಗೆ, ಪಾಚಿಯಿಂದ ಮೀನಿಗೆ, ಮೀನಿನ ಮಲದಿಂದ ಮತ್ತೆ ಹವಳಕ್ಕೆ ಸುತ್ತುತ್ತಿರುತ್ತದೆ. ಕಣ್ಣಿಗೆ ಕಾಣುವ ಆ ರಾಶಿ ಮೀನು ಕೂಡಿಟ್ಟ ಗಂಟು. ಅದರ ಬಡ್ಡಿಯಷ್ಟೇ ನಮ್ಮ ಪಾಲಿಗೆ ಸಿಗುವ ಫಸಲು.

2007ರಲ್ಲಿ ಕೇಟಿ ನ್ಯೂಟನ್ ಮತ್ತು ಸಂಗಡಿಗರು ಈ 5 ಟನ್ನಿನ ಅಳತೆಗೋಲು ಹಿಡಿದು 49 ದ್ವೀಪದೇಶಗಳ ಲೆಕ್ಕ ತೆಗೆದರು. ದಡಕ್ಕೆ ಬಂದ ಮೀನಿನ ತೂಕಕ್ಕೆ ಎಷ್ಟು ಚದರ ಕಿಲೋಮೀಟರ್ ದಿಬ್ಬ ಬೇಕು, ಇರುವುದೆಷ್ಟು ಎಂದು ಹೋಲಿಸಿದರು. ಶೇಕಡಾ 55ರಷ್ಟು ದೇಶಗಳು ತಮ್ಮ ದಿಬ್ಬ ತಾಳಲಾರದಷ್ಟು ಮೀನು ತೆಗೆಯುತ್ತಿದ್ದವು. ಒಟ್ಟು ಹಿಡಿದ ಮೀನು ತಾಳಿಕೆಯ ಮಿತಿಗಿಂತ ಶೇಕಡಾ 64ರಷ್ಟು ಹೆಚ್ಚಿತ್ತು. ಅಷ್ಟು ಮೀನು ನ್ಯಾಯವಾಗಿ ಸಿಗಬೇಕಿದ್ದರೆ ಇನ್ನೂ 75,000 ಚದರ ಕಿಲೋಮೀಟರ್ ಹವಳ ಬೇಕಿತ್ತು, ಎಂದರೆ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳದ ಸುಮಾರು ಮೂರೂಮುಕ್ಕಾಲು ಪಟ್ಟು. ಇಡೀ ಜಗತ್ತಿಗೆ ಎಚ್ಚರಿಕೆಯ ಗಂಟೆ ಬಾರಿಸುವುದಕ್ಕೆ ಇದು ಒಳ್ಳೆಯ ಲೆಕ್ಕ. ಆದರೆ ಒಂದು ನಿರ್ದಿಷ್ಟ ದಿಬ್ಬದ ಮುಂದೆ ನಿಂತು, ಇಲ್ಲಿಯ ಮೀನುಗಾರಿಕೆ ಬಾಳುತ್ತದೆಯೇ ಎಂದು ಕೇಳಿದಾಗ ತಕ್ಕಡಿ ಸಾಕಾಗುವುದಿಲ್ಲ. ತಕ್ಕಡಿಗೆ ಗೊತ್ತಿರುವುದು ದಡಕ್ಕೆ ಬಂದದ್ದು ಮಾತ್ರ. ದಿಬ್ಬದ ಭವಿಷ್ಯ ನಿಂತಿರುವುದು ನೀರಿನಲ್ಲಿ ಉಳಿದದ್ದರ ಮೇಲೆ. ಉಳಿದದ್ದು ಎಷ್ಟು, ಯಾವ ಗಾತ್ರದ್ದು, ಅದು ಅಲ್ಲಿ ಮಾಡುವ ಕೆಲಸವೇನು, ಈ ಮೂರನ್ನೂ ಎಣಿಸದೆ ಸುಸ್ಥಿರ ಎಂಬ ಮಾತನ್ನು ಆಡಬಾರದು ಎಂಬುದೇ ಈ ಅಧ್ಯಾಯದ ವಾದ.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಗೆ ಹವಳದ ದಿಬ್ಬ ದೂರದ ಸಂಗತಿ ಎನಿಸಬಹುದು. ಆದರೆ ಇದೇ ಉತ್ತರ ಕನ್ನಡ ಜಿಲ್ಲೆಯ ಕಡಲಿನಲ್ಲಿ, ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಆಚೆ, ಹೃದಯದ ಆಕಾರದ ನೇತ್ರಾಣಿ ಇದೆ. ಅದರ ಬಂಡೆಗಳ ಮೈಗೆ ಅಲ್ಲಲ್ಲಿ ಹವಳ ಕಚ್ಚಿಕೊಂಡಿದೆ. ಲಕ್ಷದ್ವೀಪದಂತೆ ಹವಳವೇ ಕಟ್ಟಿದ ನೆಲ ಇದಲ್ಲ. ಆದರೂ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೀರಿನೊಳಗೆ ಇಳಿದು ಎಣಿಸಿ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸುಮಾರು 90 ಜಾತಿಯ ಹವಳದ ಮೀನುಗಳಿವೆ. ಗಿಳಿಯ ಕೊಕ್ಕಿನಂಥ ಹಲ್ಲಿನ ಗಿಳಿಮೀನು, ಚಿಟ್ಟೆಮೀನು, ಬಂಡೆಯ ಸಂದಿಯಲ್ಲಿ ಹೊಂಚುವ ಮುರು, ಎಲ್ಲವೂ ಅಲ್ಲಿವೆ.

ತೂಕದ ಲೆಕ್ಕ ಎಲ್ಲಿ ಎಡವುತ್ತದೆ ಎಂದು ತೋರಿಸಲು ನೇತ್ರಾಣಿಗಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ. ಕರ್ನಾಟಕದ ಕಡಲು ಬಡ ಕಡಲಲ್ಲ. ಮುಂಗಾರಿನಲ್ಲಿ ತಳದ ತಣ್ಣನೆಯ ನೀರು ಪೋಷಕಾಂಶ ಹೊತ್ತು ಮೇಲೇಳುತ್ತದೆ. ಸೂಕ್ಷ್ಮ ಪಾಚಿ ಹುಲುಸಾಗಿ, ಅದನ್ನು ನಂಬಿದ ತಾರ್ಲಿ, ಬಂಗಡೆಗಳು ಹಿಂಡುಹಿಂಡಾಗಿ ಬರುತ್ತವೆ. ಅವುಗಳ ಬೆನ್ನು ಹತ್ತಿ ಇಸ್ವಾಣ ಬರುತ್ತದೆ. ಕಡಲ ನಡುವೆ ಬಂಡೆಯೊಂದು ತಲೆ ಎತ್ತಿದ್ದರೆ ಈ ದಾರಿಹೋಕ ಮೀನುಗಳೆಲ್ಲ ಅದರ ಸುತ್ತ ನೆರೆಯುವುದು ಕಡಲಿನ ರೂಢಿ. ಹಾಗಾಗಿ ನೇತ್ರಾಣಿಯ ಸುತ್ತ ಬಲೆ ಬೀಸಿದ ದೋಣಿಗೆ ತುಂಬ ಮೀನು ಸಿಕ್ಕಿತು ಎಂದರೆ ಅದರಲ್ಲಿ ದಿಬ್ಬದ ಮನೆಮಕ್ಕಳೆಷ್ಟು, ನೆಂಟರೆಷ್ಟು ಎಂದು ಬೇರ್ಪಡಿಸಬೇಕು. ಬಂಗಡೆ ಮುಂದಿನ ವರ್ಷವೂ ಎಲ್ಲಿಂದಲೋ ಬರುತ್ತದೆ. ಮುರು ಹಾಗಲ್ಲ, ಬೆಳೆದ ಮುರು ತನ್ನ ಸಂದಿಗೊಂದಿ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ದಾರಿಹೋಕ ಮೀನು ಚೆನ್ನಾಗಿ ಸಿಗುತ್ತಿರುವಷ್ಟು ಕಾಲ ಒಟ್ಟು ತೂಕ ಇಳಿಯುವುದೇ ಇಲ್ಲ, ಅತ್ತ ಮನೆಯೊಳಗಿನ ಮುರು ಒಂದೊಂದಾಗಿ ಖಾಲಿಯಾಗಿರುತ್ತದೆ. ನಮ್ಮ ಸರಕಾರಿ ಅಂಕಿಅಂಶಗಳಾದರೂ ಮೀನು ಇಳಿಸುವ ಬಂದರಿನಲ್ಲಿ, ದೋಣಿ ಮತ್ತು ಬಲೆಯ ಬಗೆಗೆ ತಕ್ಕಂತೆ ಮಾದರಿ ಎತ್ತಿ ಕಟ್ಟಿದವು. ಇಡೀ ಕರಾವಳಿಯ ಬಂಗಡೆಯ ಏರಿಳಿತ ತಿಳಿಯಲು ಅವು ಬಹಳ ನಂಬಿಕೆಯ ಸಾಧನ. ಒಂದು ಬಂಡೆಯ ಬದಿಯಲ್ಲಿ ಏನಾಗುತ್ತಿದೆ ಎಂದು ಹೇಳುವುದು ಅವುಗಳ ಕೆಲಸವಲ್ಲ.

ಉಳಿದದ್ದನ್ನು ನೋಡಿ ತೀರ್ಮಾನಿಸುವ ಕ್ರಮ ಈ ಮೂರು ತಾಲೂಕುಗಳಿಗೆ ಹೊಸದಲ್ಲ. ಇಲ್ಲಿಯ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದ್ದು. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ. ಯಾವ ಬೆಟ್ಟ ಚೆನ್ನಾಗಿದೆ ಎಂದು ಕೇಳಿದರೆ ಊರಿನವರು ಕಳೆದ ವರ್ಷ ಎಷ್ಟು ಹೊರೆ ಸೊಪ್ಪು ಬಂತು ಎಂಬುದನ್ನು ಹೇಳುವುದಿಲ್ಲ. ಮರದ ತುದಿ ಉಳಿಸಿ ಕಡಿದಿದ್ದಾರೆಯೇ, ಕೆಳಗೆ ಸಸಿ ಎದ್ದಿವೆಯೇ, ಬೀಜದ ಮರ ಇದೆಯೇ, ದರಕನ್ನು ಪೂರ್ತಿ ಗುಡಿಸಿ ನೆಲ ಬೋಳಾಗಿದೆಯೇ ಎಂದು ನೋಡುತ್ತಾರೆ. ಬೋಳಾಗುತ್ತಿರುವ ಬೆಟ್ಟವೂ ಕೆಲವು ವರ್ಷ ಹೊರೆಗಟ್ಟಲೆ ಸೊಪ್ಪು ಕೊಡುತ್ತದೆ, ಏಕೆಂದರೆ ಆಗ ಕಡಿಯುತ್ತಿರುವುದು ಬಡ್ಡಿಯನ್ನಲ್ಲ, ಅಸಲನ್ನು. ಕೊಟ್ಟಿಗೆಗೆ ಬಂದ ಹೊರೆಯನ್ನಷ್ಟೇ ಎಣಿಸುವವನಿಗೆ ಆ ವರ್ಷಗಳಲ್ಲಿ ಬೆಟ್ಟ ಸೊಂಪಾಗಿದೆ ಎಂದೇ ಅನಿಸೀತು.

ಗಾತ್ರದ ಮಾತಿಗೆ ಬರೋಣ. ಒಂದು ದೊಡ್ಡ ಮೀನು ಹಲವು ಚಿಕ್ಕ ಮೀನಿಗೆ ಸಮ ಎಂದು ತಕ್ಕಡಿ ಹೇಳುತ್ತದೆ. ಮೊಟ್ಟೆಯ ಲೆಕ್ಕ ಬೇರೆಯೇ. ಕೆಂಪು ಸ್ನ್ಯಾಪರ್ ಮೀನಿನ ಒಂದು ಹೆಸರಾಂತ ಲೆಕ್ಕದಂತೆ, 61 ಸೆಂಟಿಮೀಟರ್ ಉದ್ದದ ಒಂದು ಹೆಣ್ಣು ಹೊತ್ತಿರುವ ಮೊಟ್ಟೆ 42 ಸೆಂಟಿಮೀಟರಿನ 212 ಹೆಣ್ಣುಗಳ ಮೊಟ್ಟೆಗೆ ಸಮ. ತೂಕದಲ್ಲಿ ಮಾತ್ರ ಅಂಥ 212 ಮೀನು ಈ ಒಂದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮುರು ಜಾತಿಯಲ್ಲಿ ಇನ್ನೊಂದು ತೊಡಕಿದೆ. ಅದರ ಹೆಚ್ಚಿನ ಬಗೆಗಳು ಹೆಣ್ಣಾಗಿ ಬಾಳು ಶುರುಮಾಡಿ, ಬೆಳೆದು ದೊಡ್ಡದಾದ ಮೇಲೆ ಗಂಡಾಗುತ್ತವೆ. ಗಾಳಕ್ಕೆ ಮೊದಲು ಬೀಳುವುದು, ಪೇಟೆಯಲ್ಲಿ ಹೆಚ್ಚು ಬೆಲೆ ತರುವುದು ದೊಡ್ಡದೇ. ಅವನ್ನೇ ಆರಿಸಿ ತೆಗೆಯುತ್ತ ಹೋದರೆ ಗಂಡಿನ ಕೊರತೆ ಹುಟ್ಟುತ್ತದೆ. ಎಣಿಕೆಗೆ ಮೀನು ಸಾಕಷ್ಟಿದ್ದರೂ ಸಂತಾನ ಕುಗ್ಗುತ್ತದೆ. ಮೊಟ್ಟೆ ಇಡುವ ಕಾಲಕ್ಕೆ ಇವು ಗೊತ್ತಾದ ಜಾಗದಲ್ಲಿ ಗುಂಪುಗೂಡುತ್ತವೆ. ಆ ಜಾಗ ತಿಳಿದವರಿಗೆ ಕೆಲವೇ ದಿನಗಳಲ್ಲಿ ಎಷ್ಟೋ ದಿಬ್ಬಗಳ ಮೀನು ಒಂದೇ ಕಡೆ ಸಿಗುತ್ತದೆ. ಆ ವಾರದ ತೂಕ ನೋಡಿದವರು ಮೀನು ಯಥೇಚ್ಛ ಎಂದೇ ಬರೆದುಕೊಳ್ಳುತ್ತಾರೆ.

ಕೆಲಸದ ಮಾತು ಇನ್ನೂ ಮುಖ್ಯ. ಗಿಳಿಮೀನಿನಂಥವು ಬಂಡೆಯ ಮೇಲಿನ ಪಾಚಿಯನ್ನು ಹಗಲಿಡೀ ಕೆರೆದು ತಿನ್ನುತ್ತವೆ. ಹವಳದ ಎಳೆಯ ಮರಿ ಬಂದು ಅಂಟಿಕೊಳ್ಳಲು ಹೀಗೆ ಶುಚಿಯಾದ ಬಂಡೆಯೇ ಬೇಕು. ಈ ಕಳೆ ಕೀಳುವವರು ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಜಮೈಕಾ ಸಾಕ್ಷಿ. ಅಲ್ಲಿ ಮೀನು 1960ರ ದಶಕದ ಹೊತ್ತಿಗೇ ಬರಿದಾಗಿತ್ತು. ಆದರೂ ದಿಬ್ಬ ಚೆನ್ನಾಗಿಯೇ ಕಾಣುತ್ತಿತ್ತು, ಏಕೆಂದರೆ ಮೀನಿನ ಬದಲು ಉದ್ದ ಮುಳ್ಳಿನ ಕಡಲ ಅರ್ಚಿನ್‌ಗಳು ಪಾಚಿ ಮೇಯುತ್ತಿದ್ದವು. 1980ರಲ್ಲಿ ಚಂಡಮಾರುತ ಹವಳವನ್ನು ಮುರಿಯಿತು. ಮೂರು ವರ್ಷದ ನಂತರ ರೋಗ ಬಂದು ಅರ್ಚಿನ್‌ಗಳು ಬಹುಪಾಲು ಸತ್ತವು. ಆಮೇಲೆ ಪಾಚಿಯನ್ನು ತಡೆಯುವವರು ಯಾರೂ ಇರಲಿಲ್ಲ. 1970ರ ದಶಕದ ಕೊನೆಯಲ್ಲಿ ಶೇಕಡಾ 50ಕ್ಕೂ ಮಿಕ್ಕಿ ಇದ್ದ ಹವಳದ ಹೊದಿಕೆ 1990ರ ದಶಕದ ಆರಂಭಕ್ಕೆ ಶೇಕಡಾ 5ಕ್ಕಿಂತ ಕೆಳಗಿಳಿಯಿತು, ಪಾಚಿ ಶೇಕಡಾ 4ರಿಂದ 92ಕ್ಕೆ ಏರಿತು ಎಂದು ಟೆರೆನ್ಸ್ ಹ್ಯೂಸ್ 1994ರಲ್ಲಿ ಬರೆದರು. ಮೀನು ಹಿಡಿದ ಸಾಲ ದಶಕಗಳ ನಂತರ, ಬೇರೊಂದು ಪೆಟ್ಟಿನ ದಿನ ವಸೂಲಾಯಿತು. ಆ ನಡುವಿನ ಕಾಲದಲ್ಲಿ ಯಾರಾದರೂ ಹವಳವನ್ನಷ್ಟೇ ನೋಡಿ ಎಲ್ಲ ಸರಿಯಿದೆ ಎಂದಿದ್ದರೆ ಅದನ್ನು ತಪ್ಪೆನ್ನಲು ಕಣ್ಣೆದುರು ಏನೂ ಇರಲಿಲ್ಲ.

ಹಾಗಾದರೆ ಎಷ್ಟು ಉಳಿದಿರಬೇಕು? 2015ರಲ್ಲಿ ಆರನ್ ಮ್ಯಾಕ್‌ನೀಲ್ ಮತ್ತು ಜೊತೆಗಾರರು ಜಗತ್ತಿನ 800ಕ್ಕೂ ಹೆಚ್ಚು ದಿಬ್ಬಗಳ ಮೀನೆಣಿಕೆಯನ್ನು ಒಟ್ಟುಗೂಡಿಸಿದರು. ಮೀನುಗಾರಿಕೆ ಇಲ್ಲದ ದಿಬ್ಬದಲ್ಲಿ ಹೆಕ್ಟೇರಿಗೆ ಸರಾಸರಿ 1,000 ಕಿಲೋ ಮೀನು ಇರುತ್ತದೆ. ಮೀನು ಹಿಡಿಯುವ ದಿಬ್ಬಗಳ ಪೈಕಿ ಶೇಕಡಾ 83ರಲ್ಲಿ ಅದರ ಅರ್ಧವೂ ಉಳಿದಿರಲಿಲ್ಲ. ಹೆಕ್ಟೇರಿಗೆ 1,000 ಕಿಲೋ ಎಂದರೆ ಚದರ ಕಿಲೋಮೀಟರಿಗೆ 100 ಟನ್. 5 ಟನ್ನಿನ ಫಸಲು ಅದರ ಇಪ್ಪತ್ತನೆಯ ಒಂದು ಪಾಲು. ಈಗ ಅದೇ 5 ಟನ್ನನ್ನು 20 ಟನ್ ಮಾತ್ರ ಉಳಿದಿರುವ ದಿಬ್ಬದಿಂದ ತೆಗೆದರೆ ಅದು ಕಾಲು ಪಾಲಾಗುತ್ತದೆ. ದಡದ ಪುಸ್ತಕದಲ್ಲಿ ಎರಡಕ್ಕೂ ಒಂದೇ ಅಂಕಿ. ಒಂದು ಕಡೆ ದಿಬ್ಬಕ್ಕೆ ಉಸಿರಾಡಲು ಜಾಗವಿದೆ, ಇನ್ನೊಂದು ಕಡೆ ಅದು ಮುಳುಗುತ್ತಿದೆ.

ಇದಕ್ಕೆ ಬಲವಾದ ಆಕ್ಷೇಪವೊಂದು ಫಿಲಿಪ್ಪೀನ್ಸ್‌ನ ಅಪೊ ದ್ವೀಪದಿಂದ ಬರುತ್ತದೆ. ಅಲ್ಲಿಯ ಮೀನುಗಾರರು ಚದರ ಕಿಲೋಮೀಟರಿಗೆ ವರ್ಷಕ್ಕೆ 15ರಿಂದ 25 ಟನ್ ಮೀನು ತೆಗೆದೂ ದಶಕಗಳ ಕಾಲ ಕೊರತೆ ಕಂಡಿರಲಿಲ್ಲ. 5 ಟನ್ನಿನ ಮಿತಿ ಬರೀ ಅಂಜಿಕೆಯದ್ದಲ್ಲವೇ? ಅಂಕಿ ಸರಿ. ಆದರೆ ಅಪೊದಲ್ಲಿ ಹಿಡಿದದ್ದರಲ್ಲಿ ದೊಡ್ಡ ಪಾಲು ಹವಳದ ಅಂಚಿನಲ್ಲಿ ತೇಲುವ ಜೀವಿಗಳನ್ನು ತಿಂದು ಬದುಕುವ, ಹೊರಗಿನ ಕಡಲಿನ ಸತ್ವವನ್ನು ದಿಬ್ಬಕ್ಕೆ ತರುವ ಮೀನು. ಅದು ನೇತ್ರಾಣಿಯ ನೆಂಟರ ಲೆಕ್ಕದ್ದೇ. ಮೇಲಾಗಿ ಊರಿನವರು 1982ರಿಂದ ದಿಬ್ಬದ ಒಂದು ಭಾಗವನ್ನು ಪೂರ್ತಿ ಬಿಟ್ಟುಬಿಟ್ಟಿದ್ದರು, ಉಳಿದ ಕಡೆ ಗಾಳವೇ ಮುಖ್ಯವಾಗಿತ್ತು. ಹೀಗಾಗಿ ಅಪೊ ತೋರಿಸುವುದು, ಒಂದೇ ಸರಾಸರಿ ಅಂಕಿ ಎಲ್ಲ ದಿಬ್ಬಕ್ಕೂ ಹೊಂದುವುದಿಲ್ಲ ಎಂಬುದನ್ನು. ಇದು ತಕ್ಕಡಿಯ ಪರವಾದ ಮಾತಲ್ಲ. ಹವಳದ ವಿಸ್ತಾರ ಅಪೊದಷ್ಟೂ ಇಲ್ಲದ, ಮುಚ್ಚಿದ ಭಾಗವೂ ಇಲ್ಲದ ಬಂಡೆಗೆ ಅಪೊದ ಅಂಕಿಯನ್ನು ಹೊದಿಸುವುದು ಇನ್ನೂ ದೊಡ್ಡ ತಪ್ಪು.

ಎರಡನೆಯ ಆಕ್ಷೇಪ ಹವಾಮಾನದ್ದು. ಕಡಲು ಬಿಸಿಯಾಗಿ ಹವಳವೇ ಬಿಳಿಚಿ ಸಾಯುತ್ತಿರುವಾಗ ಬಡ ಮೀನುಗಾರನ ಗಾಳವನ್ನು ಅಳೆದು ಏನು ಫಲ? ಉತ್ತರ ಹುಡುಕಲು ಲಕ್ಷದ್ವೀಪಕ್ಕೆ ಹೋಗಬೇಕು. ಅದರ ಉತ್ತರ ಭಾಗದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಅಲ್ಲಿಯ ಜನ ಹವಳದ ನಡುವೆಯೇ ಬದುಕಿದರೂ ಹೊಟ್ಟೆಪಾಡಿಗೆ ನೆಚ್ಚಿದ್ದು ಹೊರಗಡಲಿನ ಟ್ಯೂನಾವನ್ನು. ಬಿದಿರ ಕೋಲಿಗೆ ಗಾಳ ಕಟ್ಟಿ ಒಂದೊಂದಾಗಿ ಎತ್ತುವ ಆ ಕ್ರಮದಿಂದ ದಿಬ್ಬದ ಮೀನಿನ ಮೇಲೆ ಒತ್ತಡ ಕಡಿಮೆಯಿತ್ತು. 1998ರ ಬಿಸಿಗೆ ಹವಳ ಸತ್ತ ಮೇಲೆ ಹಲವು ದಿಬ್ಬಗಳು ಚೇತರಿಸಿಕೊಂಡವು. ಪಾಚಿ ಮೇಯುವ ಮೀನು ಉಳಿದಿದ್ದುದು ಅದಕ್ಕೆ ನೆರವಾಯಿತು ಎಂದು ಅಲ್ಲಿ ದೀರ್ಘಕಾಲ ಕೆಲಸ ಮಾಡಿದ ವಿಜ್ಞಾನಿಗಳ ಅಭಿಪ್ರಾಯ. ಆ ಬಲಕ್ಕೂ ಮಿತಿಯಿದೆ ಎಂಬುದನ್ನು ಮುಚ್ಚಿಡಬಾರದು. 2010 ಮತ್ತು 2016ರಲ್ಲಿ ಮತ್ತೆ ಬಿಸಿ ಬಂತು. 1998ರಲ್ಲಿ ಶೇಕಡಾ 37ರಷ್ಟಿದ್ದ ಹವಳದ ಹೊದಿಕೆ 2022ರ ಹೊತ್ತಿಗೆ ಸುಮಾರು 20ಕ್ಕೆ ಇಳಿಯಿತು. ಮೀನು ಉಳಿಸಿದರೆ ಹವಳ ಉಳಿದೇ ತೀರುತ್ತದೆ ಎಂದು ಯಾರೂ ಮಾತು ಕೊಡಲಾರರು. ಬಿಸಿಯ ಪೆಟ್ಟಿನಿಂದ ಏಳುವ ಶಕ್ತಿಯಲ್ಲಿ ನಮ್ಮ ಕೈಗೆ ಎಟಕುವ ಭಾಗ ಮಾತ್ರ ಇದೇ. ಕಡಲ ಬಿಸಿಯನ್ನು ಭಟ್ಕಳದವರು ತಮ್ಮ ಬಂದರಿನಲ್ಲಿ ಕುಳಿತು ಇಳಿಸಲಾರರು, ಗಿಳಿಮೀನು ಹಿಡಿಯದಿರುವುದು ಅವರಿಂದ ಆಗುತ್ತದೆ.

ಮೂರನೆಯ ಆಕ್ಷೇಪ ಮನಸ್ಸಿಗೆ ಹೆಚ್ಚು ನಾಟುವಂಥದು: ಅಳತೆ, ಮಿತಿ, ನಿಷೇಧಗಳ ಭಾರ ಕೊನೆಗೆ ಬೀಳುವುದು ಚಿಕ್ಕ ದೋಣಿಯವರ ಬೆನ್ನ ಮೇಲೆ. ಇದು ನಿಜ. ಅದಕ್ಕೆ ಘಟ್ಟದ ಮೇಲಿನ ಉಪ್ಪಾಗೆಯ ಕಥೆ ಪಾಠದಂತಿದೆ. ಬೀಜದಿಂದ ತುಪ್ಪ ತೆಗೆದು ಅಡುಗೆಗೆ ಬಳಸುತ್ತಿದ್ದ ಈ ಹಣ್ಣಿನ ಸಿಪ್ಪೆಯಲ್ಲಿರುವ ಆಮ್ಲಕ್ಕೆ ಮೈ ಕರಗಿಸುವ ಔಷಧವೆಂದು 1990ರ ದಶಕದಲ್ಲಿ ಹೊರದೇಶದ ಬೇಡಿಕೆ ಬಂತು, ಬೆಲೆ ಏರಿತು. ಶಿರಸಿ, ಸಿದ್ದಾಪುರದ ಕಾಡುಗಳಲ್ಲಿ ಹಣ್ಣಾಗುವ ಮೊದಲೇ ಕಾಯಿ ಕೊಯ್ಯುವ ಪೈಪೋಟಿ ಶುರುವಾಯಿತು, ಟೊಂಗೆ ಕಡಿದದ್ದೂ ಉಂಟು. ಕೊಯ್ದವರಿಗೆ ಕಾಯಿಗಿಂತ ಹಣ್ಣೇ ಲೇಸೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ತಾನು ಬಿಟ್ಟ ಕಾಯಿಯನ್ನು ನಾಳೆ ಇನ್ನೊಬ್ಬ ಒಯ್ಯುತ್ತಾನೆ ಎಂಬುದೂ ಗೊತ್ತಿತ್ತು. ಕಾದವನಿಗೇ ಫಲ ಸಿಗುತ್ತದೆ ಎಂಬ ಭರವಸೆ ಇಲ್ಲದ ಕಡೆ ತಾಳ್ಮೆ ಎಂಬುದು ಬಡವನಿಗೆ ನಷ್ಟದ ಬಾಬತ್ತು. ಕಡಲಿನಲ್ಲಿ ಇದು ಇನ್ನೂ ಕಠಿಣ. ಜೂನ್ ಮತ್ತು ಜುಲೈಯ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿರಬೇಕು ಎಂಬ ನಿಯಮ ಇಡೀ ಕರಾವಳಿಗೆ ಉಪಕಾರಿ, ಆದರೆ ಉಳಿದ ಹತ್ತು ತಿಂಗಳು ನೇತ್ರಾಣಿಯ ಮುರು ಯಾರದ್ದು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆದ್ದರಿಂದ ಅಳತೆಯ ಕೆಲಸ ಗಾಳ ಹಾಕುವವರ ಕೈಯಲ್ಲೇ ಶುರುವಾಗಬೇಕು, ಉಳಿಸಿದ್ದರ ಲಾಭವೂ ಮೊದಲು ಅವರಿಗೇ ಸಲ್ಲಬೇಕು. ದೂರದಿಂದ ಬಂದು ರಾತ್ರಿ ದೀಪ ಹಾಕಿ ಮೀನು ಬಾಚುವ ದೊಡ್ಡ ದೋಣಿಯನ್ನು ತಡೆಯದೆ, ಊರ ಗಾಳದವನಿಗೆ ಮಾತ್ರ ಪಾಠ ಹೇಳುವ ಸುಸ್ಥಿರತೆ ಅನ್ಯಾಯ. ದೀಪದ ಮೀನುಗಾರಿಕೆಗೆ ಕೇಂದ್ರ ಸರಕಾರ 2017ರಲ್ಲೇ ನಿಷೇಧ ಹೇರಿದೆ. ಅದನ್ನು ಜಾರಿಗೆ ತರುವುದು ಮೊದಲ ಕೆಲಸ.

ಇಂಥ ಅಳತೆಗೆ ದುಬಾರಿ ಹಡಗು ಬೇಕಿಲ್ಲ. ಜರ್ಮನಿಯ ರೈನರ್ ಫ್ರೋಸ 2004ರಲ್ಲಿ ಮೂರು ಸರಳ ಪ್ರಶ್ನೆಗಳನ್ನು ಮುಂದಿಟ್ಟರು. ಹಿಡಿದ ಮೀನುಗಳಲ್ಲಿ ಒಮ್ಮೆಯಾದರೂ ಮೊಟ್ಟೆ ಇಡುವ ವಯಸ್ಸಿಗೆ ಬಂದವು ಎಷ್ಟು? ಚೆನ್ನಾಗಿ ಬೆಳೆದು ಹೆಚ್ಚು ಇಳುವರಿ ಕೊಡುವ ಗಾತ್ರದವು ಎಷ್ಟು? ಅತಿ ದೊಡ್ಡ ತಾಯಿಮೀನು ಎಷ್ಟು? ಮೊದಲನೆಯದು ನೂರಕ್ಕೆ ನೂರರ ಹತ್ತಿರವಿರಬೇಕು. ತಾಯಿಮೀನನ್ನು ಬಿಟ್ಟುಕೊಡುವ ನಿಯಮವಿದ್ದ ಕಡೆ ಮೂರನೆಯದು ಸೊನ್ನೆಯಾಗಿರಬೇಕು. ಅಂಥ ನಿಯಮವೇ ಇಲ್ಲದೆ ಅದು ಸೊನ್ನೆಯಾಗಿದ್ದರೆ ತಾಯಿಮೀನು ಆಗಲೇ ಮುಗಿದಿದೆ ಎಂದರ್ಥ. ಇದಕ್ಕೆ ಬೇಕಾದದ್ದು ಒಂದು ಅಳತೆಪಟ್ಟಿ, ಒಂದು ಪುಸ್ತಕ, ಹಲವು ವರ್ಷ ಬಿಡದೆ ಬರೆಯುವ ಶ್ರದ್ಧೆ. ಭಟ್ಕಳದ ಬಂದರಿನಲ್ಲಿ, ಮುರ್ಡೇಶ್ವರದ ದಂಡೆಯಲ್ಲಿ ಮುರು ಇಳಿದಾಗ ಉದ್ದ ಬರೆದುಕೊಳ್ಳಬಹುದು. ದೇವಿಮನೆ ಘಟ್ಟ ಹತ್ತಿ ಬಂದ ಮೀನು ಶಿರಸಿಯ ಪೇಟೆಯಲ್ಲಿ ಮಾರಾಟಕ್ಕೆ ಕೂತಾಗ ಶಾಲೆ ಕಾಲೇಜಿನ ಮಕ್ಕಳೂ ಈ ಕೆಲಸ ಮಾಡಬಲ್ಲರು. ಮೀನು ತಿನ್ನದ ಮನೆಯವರೂ ಕೈಜೋಡಿಸಬಹುದಾದ ವಿಜ್ಞಾನ ಇದು. ನೀರಿನೊಳಗಿನ ಲೆಕ್ಕಕ್ಕೆ, ಮಳೆಗಾಲ ಕಳೆದ ಮೇಲೆ ಪ್ರವಾಸಿಗರನ್ನು ನೇತ್ರಾಣಿಗೆ ಕರೆದೊಯ್ಯುವ ಮುರ್ಡೇಶ್ವರದ ಸ್ಕೂಬಾ ಮಾರ್ಗದರ್ಶಕರು ಇದ್ದಾರೆ. ಬಂಡೆಯ ಒಂದೇ ಬದಿಯಲ್ಲಿ, ಒಂದೇ ಆಳದಲ್ಲಿ, ತಿಂಗಳಿಗೊಮ್ಮೆ ಮುರು ಎಷ್ಟು, ಗಿಳಿಮೀನು ಎಷ್ಟು ಎಂದು ಅವರು ಬರೆದಿಟ್ಟರೆ ಐದಾರು ವರ್ಷದಲ್ಲಿ ನೇತ್ರಾಣಿಯ ಮನೆಮಕ್ಕಳ ಲೆಕ್ಕ ನೆಂಟರಿಂದ ಬೇರೆಯಾಗಿ ನಿಲ್ಲುತ್ತದೆ.

ಇಷ್ಟು ಚಿಕ್ಕ ಬಂಡೆಗೆ ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ಮ್ಯಾಕ್‌ನೀಲ್ ತಂಡದ ಇನ್ನೊಂದು ಲೆಕ್ಕ ಸಾಕು. ಮೀನು ಕಳೆದುಕೊಂಡ ದಿಬ್ಬವನ್ನು ಇಂದು ಪೂರ್ತಿ ಬಿಟ್ಟುಬಿಟ್ಟರೂ ಮೊದಲಿನ ಹತ್ತರಲ್ಲಿ ಒಂಬತ್ತು ಪಾಲು ಮೀನು ತುಂಬಲು ಸರಾಸರಿ 35 ವರ್ಷ ಬೇಕು; ತೀರ ಬರಿದಾದ ದಿಬ್ಬಕ್ಕೆ 59 ವರ್ಷ. ಅಂಥ ದಿಬ್ಬದಲ್ಲಿ ಮುರು ಮತ್ತೆ ಮೊದಲಿನಂತೆ ತುಂಬುವುದನ್ನು ನೋಡಲು, ಇಂದು ಗಾಳ ಹಾಕುವ ಮೀನುಗಾರನ ಮೊಮ್ಮಗ ನಡುವಯಸ್ಸು ದಾಟಿರಬೇಕು.